ಮಕ್ಕಳ ಆರೋಗ್ಯವೂ ತಂದೆತಾಯಿಗಳ ಅಧಿಕಾರದ ಎಲ್ಲೆಯೂ

“ಮಗ ನನ್ನವನು, ಪಂಡಿತರೇ. ಅವನಿಗೆ ಯಾವ ಮದ್ದು ಕೊಡಬೇಕೆಂದು ನನಗೆ ಗೊತ್ತುಂಟು.”

ಗುರುವಾಯನಕೆರೆಯಲ್ಲಿ ನಮ್ಮ ಮನೆಯ ಹಿಂದಿನ ಅಡಕೆ ತೋಟದಾಚೆ ವಾಸವಾಗಿರುವ ಗೃಹಸ್ಥರೊಬ್ಬರು ಕೆಲವು ವರ್ಷಗಳ ಹಿಂದೆ ನನಗೆ ಹೇಳಿದ ಮಾತಿದು. ಅವರ ಹತ್ತು ವರ್ಷದ ಮಗನ ಮೀನಖಂಡಕ್ಕೆ ಬೀದಿನಾಯಿಯೊಂದು ಕಚ್ಚಿತ್ತು. ಹುಡುಗನಿಗೆ ಯಾವುದೋ ಸೊಪ್ಪಿನ ರಸವನ್ನು ಕುಡಿಸಿ, ಗಾಯಕ್ಕೆ ಅರಸಿನವನ್ನು ಮೆತ್ತಿ, ಪಥ್ಯವನ್ನು ವಿಧಿಸಲಾಗಿತ್ತು. ಆಸ್ಪತ್ರೆಗೆ ಕರೆದೊಯ್ಯಬಾರದೇ ಎಂದು ನಾನು ಕೇಳಿದಾಗ ಮೇಲಿನ ಉತ್ತರ ಬಂದಿತು. ಅದರ ಹಿಂದೆಯೇ ಒಂದು ಪ್ರಮಾಣವೂ ಬಂದಿತು: “ಇವನ ಅಣ್ಣನಿಗೂ ಕಚ್ಚಿತ್ತು. ಇದೇ ಮದ್ದು ಕೊಟ್ಟದ್ದು. ಅವನಿಗೆ ಏನಾಯಿತು?” ಅವನಿಗೆ ಏನೂ ಆಗಿರಲಿಲ್ಲ. ನಾನು ನಿರುತ್ತರನಾಗಿ ಹಿಂತಿರುಗಿದೆ. ಅಂದು ಶನಿವಾರ ಸಂಜೆ. ಮತ್ತೆ ಆ ಮನೆಯ ಮೆಟ್ಟಿಲನ್ನು ಹತ್ತಿದ್ದು ಸೋಮವಾರ. ಆ ಒಂದೂವರೆ ದಿನವನ್ನು ಕುರಿತು ನನಗೆ ಇಂದಿಗೂ ಸಮಾಧಾನವಿಲ್ಲ.

ಅಣ್ಣನ ದೃಷ್ಟಾಂತವು ಎಲ್ಲಿ ದೋಷಯುಕ್ತವೆಂಬುದನ್ನು ಮೊದಲು ವಿಚಾರಿಸಬೇಕು. ಕಚ್ಚುವ ನಾಯಿಗಳೆಲ್ಲಕ್ಕೂ ಹುಚ್ಚು ಇರುವುದಿಲ್ಲ. ಹುಚ್ಚಿಲ್ಲದ ನಾಯಿ ಕಚ್ಚಿದಾಗ ಯಾವ ಸೊಪ್ಪನ್ನು ತಿನ್ನಿಸಿದರೂ, ಏನನ್ನೂ ತಿನ್ನಿಸದಿದ್ದರೂ, ರೇಬಿಸ್ ಬರುವುದಿಲ್ಲ. ಆದರೆ ಕೀರ್ತಿಯು ಸೊಪ್ಪಿಗೆ ಸಲ್ಲುತ್ತದೆ. ಹೀಗೆ ತಲೆಮಾರುಗಳಿಂದ ಕೂಡಿ ಬಂದ ಕೀರ್ತಿಯನ್ನು ನಂಬಿ ಹುಚ್ಚುನಾಯಿ ಕಚ್ಚಿದ ಮಗುವಿಗೂ ಅದನ್ನೇ ಕುಡಿಸಿದರೆ ಅನರ್ಥವಾಗುತ್ತದೆ. ಈ ರೋಗದ ವಿಷಾಣುವು ಗಾಯದಿಂದ ನರಗಳ ಮಾರ್ಗವಾಗಿ ಮೆದುಳಿನ ಕಡೆಗೆ ಮೆಲ್ಲನೆ ಸಾಗುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಆ ಅವಧಿಯೇ ನಮಗೆ ದೊರೆತಿರುವ ಸಮಯ. ಗಾಯವನ್ನು ಕೂಡಲೇ ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು, ಲಸಿಕೆಯನ್ನು ಕ್ರಮವಾಗಿ ಹಾಕಿಸಿದರೆ, ಗಾಯ ಆಳವಾಗಿದ್ದಲ್ಲಿ ಅದರ ಸುತ್ತ ಪ್ರತಿವಿಷವನ್ನೂ ಕೊಡಿಸಿದರೆ, ಮಗುವು ಉಳಿಯುತ್ತದೆ. ರೋಗಲಕ್ಷಣಗಳು ಒಮ್ಮೆ ಕಾಣಿಸಿಕೊಂಡವೆಂದರೆ ಉಳಿದವರು ಇಲ್ಲವೆನ್ನುವಷ್ಟು ವಿರಳ.

ಈಗ “ನನ್ನವನು” ಎಂಬ ಮಾತಿಗೆ ಬರೋಣ. ವ್ಯಾಕರಣವನ್ನು ಓದಿದವನಿಗೆ ಇಲ್ಲಿ ಸುಮ್ಮನಿರಲಾಗದು, ವಾಚಕರು ಕ್ಷಮಿಸಬೇಕು. ಷಷ್ಠೀ ವಿಭಕ್ತಿಯು ಸಂಬಂಧವನ್ನು ಹೇಳುತ್ತದೆ. ಸಂಬಂಧಗಳು ಅನೇಕ. “ನನ್ನ ಹೊಲ” ಎಂಬಲ್ಲಿ ಒಡೆಯ ಮತ್ತು ಒಡವೆಗಳ ಸಂಬಂಧವಿದೆ. ಶಾಸ್ತ್ರಕಾರರು ಅದನ್ನು ಸ್ವಸ್ವಾಮಿಭಾವವೆಂದರು. “ನನ್ನ ಮಗ” ಎಂಬಲ್ಲಿ ಇರುವುದು ಜನ್ಯಜನಕಭಾವ. “ನನ್ನ ಗುರು” ಎಂದವನು ಗುರುವನ್ನು ಮಾರುವ ಅಧಿಕಾರ ತನಗಿದೆಯೆಂದು ಭಾವಿಸುವುದಿಲ್ಲವಷ್ಟೆ. ಪ್ರತ್ಯಯವು ಒಂದೇ ಆದ ಮಾತ್ರಕ್ಕೆ ಮಗನನ್ನು ಹೊಲದ ಸಾಲಿಗೆ ಸೇರಿಸಲಾಗದು. ತಂದೆಯನ್ನು ಹೇಳುವ “ಪಿತೃ” ಶಬ್ದವನ್ನು ಪ್ರಾಚೀನರು ರಕ್ಷಣಾರ್ಥಕವಾದ “ಪಾ” ಧಾತುವಿನಿಂದಲೇ ಸಾಧಿಸಿದ್ದಾರೆ, ಕಾಪಾಡುವವನು ತಂದೆ. ರಘುವಂಶದ ಆರಂಭದಲ್ಲಿ ಕಾಳಿದಾಸನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರಜೆಗಳಿಗೆ ಶಿಕ್ಷಣ, ರಕ್ಷಣೆ, ಪೋಷಣೆಗಳನ್ನು ನೀಡಿದ ದಿಲೀಪನೇ ಅವರ ತಂದೆಯೆಂದೂ, ಹೆತ್ತವರು ಹುಟ್ಟಿಗೆ ಕಾರಣರಾದವರು ಮಾತ್ರವೆಂದೂ ವರ್ಣಿಸುತ್ತಾನೆ. ಕವಿಯ ಮಾತಿನಲ್ಲಿ ರಾಜಸ್ತುತಿಯ ಅತಿಶಯ ಇಲ್ಲದಿಲ್ಲ. ಆದರೂ ಹೆತ್ತವರು ರಕ್ಷಿಸಲಾರದೆ ಹೋದಾಗ ರಕ್ಷಣೆಯ ಹೊಣೆ ಅರಸನದು ಎಂಬ ಭಾವನೆಯು ನಮಗೆ ಹೊರಗಿನಿಂದ ಬಂದುದಲ್ಲವೆಂಬುದು ಅದರಿಂದ ಸ್ಪಷ್ಟ.

ಇಂದಿನ ಕಾಯಿದೆಯೂ ಇದೇ ದಾರಿಯಲ್ಲಿದೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಅಧಿನಿಯಮವು ತನ್ನ ವ್ಯಾಪ್ತಿಯಲ್ಲಿ ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ಸೇರಿಸಿಕೊಂಡಿದೆ. ಅದರ 13ನೆಯ ಪ್ರಕರಣದಂತೆ ನ್ಯಾಯಾಲಯವು ಪಾಲಕರನ್ನು ನೇಮಿಸುವಾಗ ಮಗುವಿನ ಹಿತವೇ ಎಲ್ಲಕ್ಕಿಂತ ಮಿಗಿಲಾದುದು. 2015ರ ಬಾಲನ್ಯಾಯ ಅಧಿನಿಯಮದ 75ನೆಯ ಪ್ರಕರಣವು ಮಗುವು ತಮ್ಮ ವಶದಲ್ಲಿರುವಾಗ ಅದನ್ನು ಬೇಕೆಂದೇ ಅಲಕ್ಷಿಸಿ ಅನಾವಶ್ಯಕ ಯಾತನೆಗೆ ಗುರಿಮಾಡುವವರಿಗೆ ಮೂರು ವರ್ಷಗಳವರೆಗಿನ ಸೆರೆವಾಸವನ್ನಾಗಲಿ, ಒಂದು ಲಕ್ಷ ರೂಪಾಯಿ ದಂಡವನ್ನಾಗಲಿ, ಎರಡನ್ನೂ ಆಗಲಿ ವಿಧಿಸಬಹುದೆನ್ನುತ್ತದೆ. “ಬೇಕೆಂದೇ” ಎಂಬ ಪದವನ್ನು ಗಮನಿಸಬೇಕು. ನನ್ನ ನೆರೆಯವರು ಮಗನನ್ನು ಅಲಕ್ಷಿಸಿದವರಲ್ಲ. ಎರಡು ರಾತ್ರಿ ಅವನ ಮಗ್ಗುಲಲ್ಲಿ ಎಚ್ಚರವಾಗಿ ಕುಳಿತವರು.

ಕಠಿಣವಾದ ಸಂದರ್ಭಗಳೆಲ್ಲ ಇಂಥವೇ. ಮಗುವಿಗೆ ಕೇಡಾಗುವುದು ಕ್ರೌರ್ಯದಿಂದ ಮಾತ್ರವೇ ಆಗಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣವನ್ನು ನಮ್ಮ ಜಿಲ್ಲೆಯ ಜನರು ಮರೆತಿರಲಾರರು. ಕಾಸರಗೋಡಿನ ಚೆರುವತ್ತೂರಿನಲ್ಲಿ, ನಮ್ಮ ಮಂಗಳೂರಿನಲ್ಲಿ ಮಕ್ಕಳು ಕಪ್ಪು ಕನ್ನಡಕವನ್ನು ಧರಿಸಿ ಬೆಂಕಿಯ ಬಳೆಯಂತಾದ ಸೂರ್ಯನನ್ನು ಕಂಡು ಚಪ್ಪಾಳೆ ತಟ್ಟಿದರು. ಅದೇ ಬೆಳಗ್ಗೆ ಕಲಬುರಗಿಯ ಹೊರವಲಯದ ತಾಜ್‌ಸುಲ್ತಾನಪುರದಲ್ಲಿ ಕೆಲವು ಅಂಗವಿಕಲ ಮಕ್ಕಳನ್ನು ಅವರ ಹೆತ್ತವರೇ ಕೊರಳಿನವರೆಗೆ ಮಣ್ಣಿನಲ್ಲಿ ಹೂತಿದ್ದರು. ಗ್ರಹಣಕಾಲದಲ್ಲಿ ಹಾಗೆ ಹೂತರೆ ಅಂಗವೈಕಲ್ಯವು ನೀಗುವುದೆಂಬ ನಂಬಿಕೆ ಆ ಭಾಗದಲ್ಲಿದೆ. ಆಳುವ ಮಕ್ಕಳ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು, ಅಧಿಕಾರಿಗಳು ಧಾವಿಸಿದರು.

ಅವರು ಬಂದದ್ದು ಸರಿಯೇ. ಮಣ್ಣಿನ ಭಾರಕ್ಕೆ ಎದೆಯೊತ್ತಿ ಉಸಿರಾಡಲು ಕಷ್ಟಪಡುವ ಮಗುವನ್ನು ಮೇಲೆತ್ತಲು ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ನನ್ನನ್ನು ಕಾಡುವುದು ಬೇರೊಂದು ಸಂಗತಿ. ಆ ತಾಯಂದಿರು ಗುಂಡಿಯನ್ನು ತೋಡಿದ್ದು ಮಗು ಎದ್ದು ನಡೆಯಲಿ ಎಂಬ ಆಸೆಯಿಂದ. ವ್ಯಾಯಾಮ ಚಿಕಿತ್ಸೆ ಮನೆಯ ಬಾಗಿಲಿಗೆ ಬಂದಿದ್ದರೆ ಗ್ರಹಣಕ್ಕಾಗಿ ಕಾಯುತ್ತಿದ್ದರೇ? ಮಗುವನ್ನು ಮೇಲೆತ್ತಿದ ಕೈಯ ಕೆಲಸವು ಮೇಲೆತ್ತಿದ ಕ್ಷಣಕ್ಕೇ ಮುಗಿಯುವಂಥದಲ್ಲ. ಮೌಢ್ಯಾಚರಣೆಗಳನ್ನು ನಿಷೇಧಿಸುವ ನಮ್ಮ ರಾಜ್ಯದ 2017ರ ಕಾಯಿದೆಯು ಜಾರಿಗೆ ಬಂದದ್ದು ಈ ಘಟನೆಯ ಮರುತಿಂಗಳು, 2020ರ ಜನವರಿಯಲ್ಲಿ. ನಾಯಿ, ಹಾವು, ಚೇಳು ಕಚ್ಚಿದವರಿಗೆ ವೈದ್ಯಕೀಯ ಚಿಕಿತ್ಸೆಯನ್ನು ತಪ್ಪಿಸಿ ಮಂತ್ರತಂತ್ರ ಮಾಡುವುದನ್ನೂ ಅದು ಅಪರಾಧಗಳ ಪಟ್ಟಿಯಲ್ಲಿ ಸೇರಿಸಿದೆ.

ಹಾಗಾದರೆ ತಂದೆತಾಯಿಗಳ ಮಾತಿಗೆ ಬೆಲೆಯೇ ಇಲ್ಲವೇ? ಇದೆ. 2017ರ ಫೆಬ್ರವರಿಯಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನವು ನಮ್ಮ ರಾಜ್ಯದ ಶಾಲೆಗಳಲ್ಲಿ ನಡೆದಾಗ, ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದವರೆಗಿನ ಮಕ್ಕಳಿಗೆಲ್ಲ ಚುಚ್ಚುಮದ್ದು ಎಂದಾಗ, ಮೊಬೈಲುಗಳಲ್ಲಿ ಹರಿದಾಡಿದ ಸುಳ್ಳುಗಳಿಂದ ಹೆದರಿದವರು ಅನೇಕರು. ಇದೇ ಲಸಿಕೆಯ ವಿಷಯದಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಶಾಲೆಯಲ್ಲಿ ಚುಚ್ಚಬಾರದೆಂದಿತು. ನನಗೆ ಈ ಲಸಿಕೆಯಲ್ಲಿ ಪೂರ್ಣ ನಂಬಿಕೆಯಿದೆ. ಆದರೂ ತೀರ್ಪು ಯುಕ್ತವೆಂದೇ ತೋರುತ್ತದೆ. ದಡಾರ ನಾಳೆ ಬರಬಹುದು, ಬಾರದೆಯೂ ಇರಬಹುದು. ವಿವರಿಸಲು, ಒಪ್ಪಿಸಲು ನಮಗೆ ಕಾಲವಿದೆ. ಮಣ್ಣಿನಲ್ಲಿ ಹೂತ ಮಗುವಿಗೂ ನಾಯಿ ಕಚ್ಚಿದ ಮಗುವಿಗೂ ಆ ಕಾಲವಿಲ್ಲ. ಅಪಾಯವು ಎಷ್ಟು ಸಮೀಪದ್ದು, ಆದ ಕೇಡನ್ನು ಮರಳಿ ಸರಿಪಡಿಸಲು ಸಾಧ್ಯವೇ ಎಂಬ ಎರಡು ಪ್ರಶ್ನೆಗಳಿಗೆ ದೊರೆಯುವ ಉತ್ತರದಂತೆ ಹೆತ್ತವರ ಅಧಿಕಾರವು ಹಿಗ್ಗುತ್ತದೆ, ಕುಗ್ಗುತ್ತದೆ.

ಕಾಯಿದೆಯಲ್ಲಿ ಒಂದು ತೊಡಕೂ ಉಂಟು. ಅಪಘಾತಕ್ಕೆ ಸಿಕ್ಕ ಮಗುವಿಗೆ ಪಾಲಕರನ್ನು ಕೇಳುವಷ್ಟು ಸಮಯವಿಲ್ಲದಾಗ ವೈದ್ಯನು ಸದುದ್ದೇಶದಿಂದ ಶಸ್ತ್ರಚಿಕಿತ್ಸೆ ಮಾಡಿದರೆ ಅಪರಾಧವಲ್ಲವೆಂದು 1860ರ ದಂಡಸಂಹಿತೆಯ 92ನೆಯ ಪ್ರಕರಣವು ಹೇಳಿತ್ತು. 2024ರ ಜುಲೈಯಿಂದ ಅದರ ಸ್ಥಾನದಲ್ಲಿ ಬಂದ ಭಾರತೀಯ ನ್ಯಾಯ ಸಂಹಿತೆಯ 30ನೆಯ ಪ್ರಕರಣವೂ ಅದನ್ನೇ ಹೇಳುತ್ತದೆ. ಇದು ಪಾಲಕನು ಸಕಾಲದಲ್ಲಿ ಸಿಗದಿದ್ದಾಗಿನ ಮಾತು. ಪಾಲಕನು ಎದುರಿಗೇ ನಿಂತು “ಕೂಡದು” ಎಂದರೆ? ಆಗ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮೊರೆಹೋಗಬೇಕು. ವಿಷಯ ಗಂಭೀರವಾದರೆ ನ್ಯಾಯಾಲಯದ ಬಾಗಿಲಿದೆ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಅಧ್ಯಾಪಕರಾದವರು ಈ ಸಂಖ್ಯೆಯನ್ನು ಹಾಜರಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳುವುದು ಒಳಿತು. ಆ ಶನಿವಾರ ನನಗದು ತಿಳಿದಿರಲಿಲ್ಲ.

ಸೋಮವಾರ ನಾನು ಒಬ್ಬನೇ ಹೋಗಲಿಲ್ಲ. ಊರಿನ ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಹೋದೆ. ಆಕೆ ತಂದೆಯೊಡನೆ ವಾದಕ್ಕೆ ಇಳಿಯಲಿಲ್ಲ. “ಅಣ್ಣಾ, ನಿಮ್ಮ ಮದ್ದು ಬಿಡಬೇಡಿ. ಇದನ್ನೂ ಒಂದು ಹಾಕಿಸುವ,” ಎಂದಳು. ಲಸಿಕೆ ತಡವಾದರೂ ಹಾಕಿಸಲೇಬೇಕು, ಸರಕಾರಿ ಆಸ್ಪತ್ರೆಯಲ್ಲಿ ದುಡ್ಡು ಬೇಡ ಎಂದೂ ತಿಳಿಸಿದಳು. ಒಳಗಿನಿಂದ ಹುಡುಗನ ತಾಯಿ ಹೊರಬಂದು, ಗಂಡನ ಮುಖವನ್ನೂ ನೋಡದೆ, ಮಗನ ಅಂಗಿಯನ್ನು ಬದಲಿಸತೊಡಗಿದರು. ನಾನು ಕಟ್ಟಿಕೊಂಡು ಹೋಗಿದ್ದ ಷಷ್ಠೀ ವಿಭಕ್ತಿಯ ವಾದವೆಲ್ಲ ಬಾಯಲ್ಲೇ ಉಳಿಯಿತು.

ಮೊದಲ ದಿನ, ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೆಂಟನೆಯ ದಿನ ಎಂದು ವೈದ್ಯರು ಬರೆದುಕೊಟ್ಟರು. ಕೊನೆಯ ಚುಚ್ಚುಮದ್ದಿಗೆ ತಂದೆಯೇ ಮಗನನ್ನು ಕರೆದೊಯ್ದರು. ಅಂದು ಸಂಜೆ ಕೆರೆಯ ಬಳಿ ಸಿಕ್ಕಾಗ ಅವರು ಕೇಳಿದರು: “ಪಂಡಿತರೇ, ಆ ನಾಯಿಗೆ ಹುಚ್ಚು ಇತ್ತೋ ಇಲ್ಲವೋ?”

ನಾಯಿಯನ್ನು ಆಮೇಲೆ ಯಾರೂ ಕಂಡಿರಲಿಲ್ಲ. ಗೊತ್ತಾಗುವ ಬಗೆಯಿಲ್ಲವೆಂದು ಹೇಳಿದೆ.