ಮುಂದಿನ ಫೋರ್ಕ್‌ನಲ್ಲಿ ಆಯಿಲ್ ಸೋರ್ತಿದೆಯಾ? ಲೋಡು ಹೇರೋ ಮುಂಚೆ ಒಮ್ಮೆ ನೋಡಿ

ಮಧುಗಿರಿ: ಸಂತೆ ದಿನ ಬೆಳಗ್ಗೆ ನಮ್ಮ ಕಡೆಯ ಯಾವ ಊರಲ್ಲಾದರೂ ರಸ್ತೆ ಬದಿ ನಿಂತು ನೋಡಿ. ಎಕ್ಸೆಲ್ ಗಾಡಿಗೆ ಮುಂದೊಂದು ಮೂಟೆ, ಹಿಂದೊಂದು ಮೂಟೆ, ನಡುವೆ ಇಕ್ಕಟ್ಟಿನಲ್ಲಿ ಗಾಡಿ ಓಡಿಸೋರು. ಸ್ಪ್ಲೆಂಡರ್‌ಗೆ ಎರಡೂ ಕಡೆ ಹಾಲಿನ ಕ್ಯಾನು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದಲ್ಲಿ ಸಣ್ಣ ಅಂಗಡಿಗಳ ಅರ್ಧ ವ್ಯಾಪಾರ ಇಂಥ ಗಾಡಿಗಳ ಮೇಲೇ ನಡೆಯುತ್ತದೆ. ಎಂಜಿನ್ ಆಯಿಲ್ ಬದಲಾಯಿಸೋದನ್ನು ಯಾರೂ ಮರೆಯಲ್ಲ. ಶಾಕ್ ಅಬ್ಸಾರ್ಬರ್ ವಿಷಯ ಬಂದರೆ ಮಾತ್ರ "ಸ್ವಲ್ಪ ಎತ್ತಾಕುತ್ತೆ, ಅಷ್ಟೇ ತಾನೆ" ಅಂತ ಸುಮ್ಮನಾಗುತ್ತೇವೆ.

ಸೊಂಟ ನೋವು ಇದರಲ್ಲಿ ಸಣ್ಣ ವಿಷಯ. ದೊಡ್ಡದು ಬ್ರೇಕ್.

ಶಾಕ್ ಅಬ್ಸಾರ್ಬರ್‌ನಲ್ಲಿ ಭಾರ ಹೊರೋದು ಸ್ಪ್ರಿಂಗ್. ಆ ಸ್ಪ್ರಿಂಗ್‌ನ ಕುಣಿತ ನಿಲ್ಲಿಸೋದು ಒಳಗಿರುವ ಆಯಿಲ್. ಸಣ್ಣ ತೂತುಗಳಲ್ಲಿ ಆಯಿಲ್ ನುಸುಳಿ ಹೋಗಬೇಕಾದ್ದರಿಂದ ಸ್ಪ್ರಿಂಗ್ ನಿಧಾನವಾಗಿ ಮೇಲೇಳುತ್ತದೆ. ಆಯಿಲ್ ಸೋರಿ ಹೋದರೆ ಹಂಪ್ ದಾಟಿದ ಮೇಲೂ ಚಕ್ರ ಕುಣೀತಾನೇ ಇರುತ್ತದೆ. ಚಕ್ರ ನೆಲವನ್ನು ಸರಿಯಾಗಿ ಕಚ್ಚದ ಆ ಗಳಿಗೆಯಲ್ಲಿ ಬ್ರೇಕ್ ಹಿಡಿದರೆ ಗಾಡಿ ನಿಲ್ಲಲ್ಲ, ಜಾರುತ್ತದೆ. ಸೋರಿದ ಆಯಿಲ್ ಕೆಳಗಿಳಿದು ಡಿಸ್ಕ್‌ಗೋ ಡ್ರಮ್‌ಗೋ ತಾಗಿದರಂತೂ ಮುಂದಿನ ಬ್ರೇಕ್ ಇದ್ದೂ ಇಲ್ಲದ ಹಾಗೆ.

ನಮ್ಮ ಕಡೆ ಸೀಲ್ ಬೇಗ ಹಾಳಾಗೋದಕ್ಕೆ ಧೂಳು ದೊಡ್ಡ ಕಾರಣ. ಬಯಲುಸೀಮೆಯ ಒಣ ಮಣ್ಣು, ಕಲ್ಲಿನ ಪುಡಿ ಫೋರ್ಕ್ ಪೈಪಿಗೆ ಅಂಟಿಕೊಂಡು, ಪ್ರತಿ ಗುಂಡಿಗೂ ಸೀಲಿನ ರಬ್ಬರ್ ತುಟಿಯನ್ನು ಉಜ್ಜುತ್ತದೆ. ಮಿಡಿಗೇಶಿ ಮೇಲೆ ಪಾವಗಡಕ್ಕೆ ದಿನಾ ಓಡಾಡೋರು, ಜಲ್ಲಿ ಕ್ರಷರ್ ಹತ್ತಿರ ಕೆಲಸಕ್ಕೆ ಹೋಗೋರು ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಪೈಪ್ ಒರೆಸಿದರೂ ಸೀಲಿನ ಆಯಸ್ಸು ಹೆಚ್ಚುತ್ತದೆ. ಸೀಲಿನ ಮೇಲಿನ ಧೂಳಿನ ರಬ್ಬರ್ ಹರಿದಿದ್ದರೆ ಮೊದಲು ಅದನ್ನು ಹಾಕಿಸಿ.

ನನ್ನದೇ ಬೈಕಿನಲ್ಲಿ ಸೀಲ್ ಸೋರ್ತಿದ್ದನ್ನು ಮಳೆಗಾಲ ಪೂರ್ತಿ ನೋಡಿಕೊಂಡೇ ಓಡಿಸಿದ್ದೆ. ಬಿಚ್ಚಿಸಿದಾಗ ಪೈಪಿನ ಕ್ರೋಮ್ ಎದ್ದು ತುಕ್ಕಿನ ಚುಕ್ಕೆ ಬಿದ್ದಿತ್ತು. ಅಂಥ ಪೈಪಿಗೆ ಹೊಸ ಸೀಲ್ ಹಾಕಿದರೂ ನಿಲ್ಲಲ್ಲ, ಚುಕ್ಕೆಯೇ ಅದನ್ನು ಕೊಯ್ದುಬಿಡುತ್ತದೆ. ಸೀಲಿನಲ್ಲಿ ಮುಗಿಯೋ ಖರ್ಚು ಪೈಪಿನವರೆಗೂ ಹೋಯಿತು.

ಮನೆಯಲ್ಲೇ ನೋಡಿಕೊಳ್ಳೋದು ಸುಲಭ. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಅನ್ನು ಜೋರಾಗಿ ಒತ್ತಿ ಬಿಡಿ. ಒಮ್ಮೆ ಮೇಲೆದ್ದು ನಿಂತರೆ ಸರಿ, ಎರಡು ಮೂರು ಸಲ ಕುಣಿದರೆ ಆಯಿಲ್ ಕಡಿಮೆಯಾಗಿದೆ. ಪೈಪಿನ ಮೇಲೆ ಬಳೆಯ ಹಾಗೆ ಆಯಿಲ್ ಗುರುತು ಕಂಡರೆ ಸೀಲ್ ಹೋಗಿದೆ. ಆಮೇಲೆ ಡಬಲ್ ಸ್ಟ್ಯಾಂಡ್ ಹಾಕಿ, ಒಬ್ಬರು ಹಿಂದೆ ಅದುಮಿ ಹಿಡಿದು ಮುಂದಿನ ಚಕ್ರ ಎತ್ತಲಿ. ಫೋರ್ಕ್ ಹಿಡಿದು ಹಿಂದೆ ಮುಂದೆ ಎಳೆದಾಗ ಟಕ್ ಟಕ್ ಅಂದರೆ ಕೋನ್ ಸೆಟ್ ಸಡಿಲ. ಹ್ಯಾಂಡಲ್ ನೇರಕ್ಕೆ ಬಂದಾಗ ಗುಂಡಿಗೆ ಬಿದ್ದ ಹಾಗೆ ಹಿಡಿದರೆ ಕೋನ್ ಸೆಟ್ ಬದಲಾಯಿಸಲೇಬೇಕು. ಹಿಂದಿನ ಚಕ್ರ ಅಡ್ಡಡ್ಡ ಅಲ್ಲಾಡಿದರೆ ಸ್ವಿಂಗ್ ಆರ್ಮ್ ಬುಷ್ ಅಥವಾ ಚಕ್ರದ ಬೇರಿಂಗ್ ಸವೆದಿದೆ. ತಿರುವಿನಲ್ಲಿ ಗಾಡಿಯ ಹಿಂಭಾಗ ಬಾಲ ಆಡಿಸೋದು ಇದರಿಂದಲೇ.

ಲೋಡು ಹೇರೋರಿಗೆ ಇನ್ನೊಂದು ಮಾತು. ಸ್ಪ್ಲೆಂಡರ್‌ನಂಥ ಬೈಕುಗಳ ಹಿಂದಿನ ಶಾಕ್‌ನಲ್ಲಿ ಸ್ಪ್ರಿಂಗ್ ಬಿಗಿ ಮಾಡೋ ಐದು ಮೆಟ್ಟಿಲು ಇರುತ್ತವೆ. ಭಾರ ಇದ್ದಾಗ ಎರಡೂ ಕಡೆ ಸಮವಾಗಿ ಏರಿಸಿ, ಖಾಲಿ ಓಡಿಸುವಾಗ ಇಳಿಸಿ. ಒಂದು ಕಡೆ ಎರಡು, ಇನ್ನೊಂದು ಕಡೆ ನಾಲ್ಕು ಇದ್ದರೆ ಗಾಡಿ ಒಂದೇ ಕಡೆ ಎಳೆಯುತ್ತದೆ. ಮೆಟ್ಟಿಲು ಏರಿಸಿದ ಮಾತ್ರಕ್ಕೆ ಕಂಪನಿ ಹೇಳಿದ ತೂಕಕ್ಕಿಂತ ಹೆಚ್ಚು ಹೇರಬಹುದು ಅಂತಲ್ಲ.

ಇನ್ನು ನಮ್ಮ ಹಂಪ್‌ಗಳು! ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಸಾಮಾನ್ಯ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವಂತಿರಬೇಕು. ಹಳ್ಳಿ ಬಾಗಿಲಲ್ಲಿ ಹಾಕಿರೋದು ಬ್ರೆಡ್ ತುಂಡಿನ ಹಾಗೆ ಮೊಟಕು, ಬಣ್ಣವೂ ಇಲ್ಲ. ಕತ್ತಲಲ್ಲಿ ಲೋಡು ಗಾಡಿ ಅದಕ್ಕೆ ಹೊಡೆದರೆ ಪೈಪ್ ಬಾಗಿದರೂ ಆಶ್ಚರ್ಯವಿಲ್ಲ. ಬ್ರೇಕ್ ಹಂಪಿಗೆ ಮೊದಲೇ ಹಿಡಿದು, ಹತ್ತುವಾಗ ಬಿಡಿ. ಬ್ರೇಕ್ ಹಿಡಿದೇ ಹತ್ತಿದರೆ ಫೋರ್ಕ್ ಆಗಲೇ ಕೆಳಗಿಳಿದಿರುತ್ತದೆ, ಏಟು ತಡೆಯೋಕೆ ಜಾಗವೇ ಇರಲ್ಲ.

ರಿಪೇರಿಗೆ ಬಿಟ್ಟಾಗ ಪಕ್ಕದಲ್ಲೇ ನಿಂತಿರಿ. ಫೋರ್ಕ್‌ಗೆ ಫೋರ್ಕ್ ಆಯಿಲ್ಲೇ ಹಾಕಿಸಿ, ಮಿಕ್ಕಿದ ಎಂಜಿನ್ ಆಯಿಲ್ ಸುರಿಯಲು ಬಿಡಬೇಡಿ. ಎರಡೂ ಪೈಪಿಗೆ ಅಳತೆ ಮಾಡಿ ಒಂದೇ ಸಮ ಹಾಕಲಿ. ಸೀಲ್ ಒಂದು ಕಡೆ ಹೋಗಿದ್ದರೂ ಎರಡೂ ಕಡೆ ಬದಲಾಯಿಸಿ, ಹಿಂದಿನ ಶಾಕ್ ಕೂಡ ಜೋಡಿಯಾಗೇ ಹಾಕಿಸಿ. ಹಳೇ ಸೀಲ್‌ಗಳನ್ನು ಕೇಳಿ ಕೈಗೆ ತಗೊಳ್ಳಿ, ಎರಡಿವೆಯಾ ಅಂತ ಎಣಿಸಿಕೊಳ್ಳಿ.