ವಿದ್ಯಾರ್ಥಿಗಳ ಧಾರ್ಮಿಕ ಸಂಘಗಳೂ ವಿಶ್ವವಿದ್ಯಾನಿಲಯದ ಸಮತಾನಿಯಮವೂ

ಸಾರ್ವಜನಿಕ ಧನದಿಂದ ನಡೆಯುವ ವಿಶ್ವವಿದ್ಯಾನಿಲಯವು ಯಾವ ವಿದ್ಯಾರ್ಥಿಯನ್ನೂ ಮತ ಜಾತಿಗಳ ಕಾರಣದಿಂದ ಹೊರಗಿಡಕೂಡದೆಂಬುದು ಸರ್ವಸಮ್ಮತವಾದ ತತ್ತ್ವ. ಒಂದೇ ಶ್ರದ್ಧೆಯ ವಿದ್ಯಾರ್ಥಿಗಳು ಕೂಡಿ ಸಂಘ ಕಟ್ಟಿಕೊಳ್ಳಬಹುದೆಂಬುದೂ ಅಷ್ಟೇ ಸಮ್ಮತವಾದುದು. ಇವೆರಡೂ ತಂತಮ್ಮ ಎಡೆಯಲ್ಲಿ ನಿಂತಿರುವವರೆಗೆ ತೊಡಕಿಲ್ಲ. ಆದರೆ ಸಂಘವು ವಿಶ್ವವಿದ್ಯಾನಿಲಯದ ಮನ್ನಣೆಯನ್ನೂ ಕೊಠಡಿಯನ್ನೂ ಹಣವನ್ನೂ ಬಯಸಿ, ತನ್ನ ಶ್ರದ್ಧೆಯವರಲ್ಲದೆ ಉಳಿದವರು ಸದಸ್ಯರಾಗಕೂಡದೆಂದರೆ, ಯಾವುದು ಯಾವುದಕ್ಕೆ ಮಣಿಯಬೇಕು? ಈ ಪ್ರಶ್ನೆಯ ಒಂದು ಮುಖವನ್ನು ಹೈದರಾಬಾದು ನಗರವು ಸ್ವಾತಂತ್ರ್ಯಕ್ಕೆ ಮುನ್ನವೇ ಕಂಡಿತ್ತು.

1918ರಲ್ಲಿ ಈ ನಗರದಲ್ಲಿ ಎರಡು ಸಂಸ್ಥೆಗಳು ಹುಟ್ಟಿದವು. ಒಂದು, ಸಮುದಾಯದ ದಾನಿಗಳು ಕಟ್ಟಿದ, ಅಬಿಡ್ಸಿನ ರೆಡ್ಡಿ ವಿದ್ಯಾರ್ಥಿನಿಲಯ. ಇನ್ನೊಂದು, ನಿಜಾಮ ಸರ್ಕಾರದ ಉಸ್ಮಾನಿಯಾ ವಿಶ್ವವಿದ್ಯಾನಿಲಯ. ಅದರ ಮೊದಲ ಪಾಠಗಳು ಅಬಿಡ್ಸಿನ ನೆರೆಯ ಗನ್‌ಫೌಂಡ್ರಿಯ ಬಾಡಿಗೆ ಕಟ್ಟಡಗಳಲ್ಲಿ ನಡೆದವು. ಮೊದಲನೆಯದು ದಾನಿಗಳ ಮನೆ. ಎರಡನೆಯದು ಪ್ರಜೆಗಳೆಲ್ಲರ ಮನೆ. ಈ ಎರಡನೆಯ ಮನೆಯಲ್ಲಿಯೇ 1938ರ ನವೆಂಬರಿನಲ್ಲಿ ವಿವಾದವೆದ್ದಿತು. ವಿದ್ಯಾರ್ಥಿನಿಲಯದ ಹಿಂದೂ ವಿದ್ಯಾರ್ಥಿಗಳು ತಮ್ಮ ಪ್ರಾರ್ಥನೆಯಲ್ಲಿ ವಂದೇ ಮಾತರಂ ಹಾಡುತ್ತಿದ್ದುದನ್ನು ಅಧಿಕಾರಿಗಳು ನಿಷೇಧಿಸಿದರು. ಅದು ಪ್ರಾರ್ಥನೆಯಲ್ಲ, ರಾಜಕೀಯ ಗೀತೆ, ಅನ್ಯರ ಮನಸ್ಸಿಗೆ ನೋವುಂಟುಮಾಡುವುದು ಎಂಬುದು ಅವರ ವಾದ. ವಿದ್ಯಾರ್ಥಿಗಳು ಮಣಿಯಲಿಲ್ಲ, ಮುಷ್ಕರ ಹೂಡಿ ಬಹಿಷ್ಕೃತರಾದರು. ಚಳವಳಿಯು ಓರಂಗಲ್ಲು, ಔರಂಗಾಬಾದುಗಳಿಗೂ ಕನ್ನಡನಾಡಿನ ಕಲಬುರ್ಗಿಯ ಕಾಲೇಜಿಗೂ ಹಬ್ಬಿತು. ಹೊರದೂಡಲ್ಪಟ್ಟವರಿಗೆ ನಾಗಪುರ ವಿಶ್ವವಿದ್ಯಾನಿಲಯವು ಬಾಗಿಲು ತೆರೆಯಿತು. ಮುಂದೆ ಪ್ರಧಾನಮಂತ್ರಿಯಾದ ಪಿ. ವಿ. ನರಸಿಂಹರಾಯರು ಹಾಗೆ ಹೋದವರಲ್ಲೊಬ್ಬರು.

ಅಧಿಕಾರಿಗಳ ವಾದವು ಪೂರ್ಣವಾಗಿ ನಿರಾಧಾರವಾದುದೆನ್ನಲಾಗದು. ಆ ಗೀತೆಯ ಕೆಲವು ಚರಣಗಳ ಬಗೆಗೆ ಆಕ್ಷೇಪವಿದ್ದುದರಿಂದಲೇ 1937ರಲ್ಲಿ ಕಾಂಗ್ರೆಸ್ ಕಾರ್ಯಸಮಿತಿಯು ಮೊದಲ ಎರಡನ್ನು ಮಾತ್ರ ಸಭೆಗಳಲ್ಲಿ ಹಾಡುವುದೆಂದು ನಿರ್ಣಯಿಸಿತ್ತು. ಕೂಡಿ ವಾಸಿಸುವೆಡೆಯಲ್ಲಿ ನೆರೆಯವನ ಮನಸ್ಸನ್ನು ಗಮನಿಸಬೇಕಾದುದೂ ನ್ಯಾಯವೇ. ದೋಷವಿದ್ದುದು ಬೇರೆಡೆಯಲ್ಲಿ. ಯಾವುದು ಪ್ರಾರ್ಥನೆ, ಯಾವುದು ಅಲ್ಲ ಎಂಬುದನ್ನು ಪ್ರಾರ್ಥಿಸುವವರಲ್ಲ, ಆಳುವವರು ನಿರ್ಣಯಿಸಿದರು. ನಿಯಮ ಮಾಡಿದವರೇ ಪಕ್ಷಗಾರರೂ ನ್ಯಾಯಾಧೀಶರೂ ಆಗಿ ಕಂಡುಬಂದುದರಿಂದ ಶಾಂತಿಯ ಹೆಸರಿನ ನಿಯಮವು ಪಕ್ಷಪಾತವೆನಿಸಿತು.

1950ರ ಸಂವಿಧಾನವು ಈ ದೋಷಕ್ಕೆ ಪರಿಹಾರವನ್ನು ಒದಗಿಸಿತು. ಅದರ 15ನೆಯ ಹಾಗೂ 29ನೆಯ ಅನುಚ್ಛೇದಗಳು ಪ್ರಭುತ್ವವನ್ನೂ ಅದರ ಹಣ ಪಡೆಯುವ ವಿದ್ಯಾಸಂಸ್ಥೆಗಳನ್ನೂ ಕಟ್ಟುತ್ತವೆ; 19ನೆಯದು ಪ್ರಜೆಗಳಿಗೆ ಸಂಘ ಕಟ್ಟುವ ಸ್ವಾತಂತ್ರ್ಯವನ್ನು ಕೊಡುತ್ತದೆ. 1974ರಲ್ಲಿ ಹೈದರಾಬಾದು ವಿಶ್ವವಿದ್ಯಾನಿಲಯವು ಅಬಿಡ್ಸಿನಲ್ಲಿ ಸರೋಜಿನಿ ನಾಯ್ಡು ಅವರ ಮನೆಯಾದ ಗೋಲ್ಡನ್ ಥ್ರೆಶೋಲ್ಡಿನಲ್ಲಿ ಆರಂಭವಾದಾಗ, ಪ್ರವೇಶಕ್ಕೆ ಮತಪರೀಕ್ಷೆ ಸಲ್ಲದೆಂಬ ವಿಧಿಯು ಅದರ ಶಾಸನದಲ್ಲಿಯೇ ಸೇರಿತ್ತು.

ಸಂಘಸ್ವಾತಂತ್ರ್ಯದ ವ್ಯಾಪ್ತಿಯೆಷ್ಟು? ವಿದ್ಯಾರ್ಥಿಸಂಘಗಳಿಗೆ ಸಂಬಂಧಿಸದ ಎರಡು ತೀರ್ಪುಗಳು ಇಲ್ಲಿ ದಾರಿ ತೋರುತ್ತವೆ. ಪ್ರಯಾಗದ ಹಿಂದೀ ಸಾಹಿತ್ಯ ಸಮ್ಮೇಲನಕ್ಕೆ 1962ರ ಶಾಸನವು ಹೊರಗಿನ ಸದಸ್ಯರನ್ನು ತಂದು ಸೇರಿಸಿತು. ಸಂಘ ಕಟ್ಟುವ ಹಕ್ಕಿನಲ್ಲಿ ತಾವು ಒಪ್ಪಿದವರೊಡನೆಯೇ ಮುಂದುವರಿಯುವ ಹಕ್ಕೂ ಅಡಗಿದೆಯೆಂದು 1971ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಶಾಸನವನ್ನು ತಳ್ಳಿಹಾಕಿತು. ಅಹಮದಾಬಾದಿನ ಪಾರಸಿ ಗೃಹನಿರ್ಮಾಣ ಸಹಕಾರ ಸಂಘವೊಂದು ಪಾರಸಿಗಳನ್ನು ಮಾತ್ರ ಸೇರಿಸಿಕೊಳ್ಳುವ ಉಪವಿಧಿಯನ್ನು 2005ರಲ್ಲಿ ಅದೇ ನ್ಯಾಯಾಲಯವು ಎತ್ತಿಹಿಡಿಯಿತು. ತಾನು ಸ್ವಂತ ಬಲದಿಂದ ನಿಂತಿರುವಲ್ಲಿ ಸಂಘಕ್ಕೆ ಆಯ್ಕೆಯ ಅಧಿಕಾರವುಂಟೆಂಬುದು ಇವುಗಳಿಂದ ಸಿದ್ಧವಾಗುತ್ತದೆ.

ಸರ್ಕಾರದ ಮನ್ನಣೆಯನ್ನು ಬಯಸಿದಾಗ? ಅಮೆರಿಕದಲ್ಲಿ ಈ ಪ್ರಶ್ನೆ ನೇರವಾಗಿಯೇ ಎದ್ದಿತು. ಸಾನ್ ಫ್ರಾನ್ಸಿಸ್ಕೋದಲ್ಲಿ ಆಗ ಹೇಸ್ಟಿಂಗ್ಸ್ ಎಂಬ ಹೆಸರಿದ್ದ ಸರ್ಕಾರಿ ಕಾನೂನು ಕಾಲೇಜು, ಮನ್ನಣೆ ಪಡೆದ ಸಂಘವೆಲ್ಲವೂ ಎಲ್ಲ ವಿದ್ಯಾರ್ಥಿಗಳಿಗೂ ತೆರೆದಿರಬೇಕೆಂದು ವಿಧಿಸಿತು. ಸದಸ್ಯರಿಂದ ಶ್ರದ್ಧೆಯ ಒಪ್ಪಿಗೆಯನ್ನು ಕೇಳುತ್ತಿದ್ದ ಕ್ರೈಸ್ತ ಸಂಘವೊಂದು ಇದನ್ನು ಪ್ರಶ್ನಿಸಿತು. 2010ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 5 ನ್ಯಾಯಮೂರ್ತಿಗಳ ಬಹುಮತದಿಂದ ಕಾಲೇಜಿನ ಪಕ್ಷವನ್ನು ಹಿಡಿಯಿತು. 4 ಮಂದಿ ಭಿನ್ನಮತ ತಾಳಿದರು. ನಿಯಮವು ಎಲ್ಲ ಸಂಘಗಳಿಗೂ ಸಮನಾಗಿದೆಯೆಂಬುದು ಬಹುಮತದ ಮುಖ್ಯ ಕಾರಣ. ಐಯೋವಾ ವಿಶ್ವವಿದ್ಯಾನಿಲಯವಾದರೋ ಕ್ರೈಸ್ತ ಸಂಘವೊಂದರ ಮನ್ನಣೆಯನ್ನು ಕಿತ್ತುಕೊಂಡು, ಸದಸ್ಯತ್ವವನ್ನು ಮಿತಗೊಳಿಸಿದ್ದ ಬೇರೆ ಸಂಘಗಳನ್ನು ಹಾಗೆಯೇ ಉಳಿಸಿತ್ತು. 2021ರಲ್ಲಿ ಮೇಲ್ಮನವಿ ನ್ಯಾಯಾಲಯವು ಅದನ್ನು ತಪ್ಪೆಂದಿತು.

ಇವುಗಳಿಂದ ದೊರೆಯುವ ಸೂತ್ರವಿದು: ಸಮತಾನಿಯಮವು ಮೊದಲು ತಾನೇ ಸಮವಾಗಿರಬೇಕು. ಕನ್ನಡ ಸಂಘಕ್ಕೊಂದು, ಭಜನಮಂಡಳಿಗೊಂದು, ನಮಾಜಿನ ಕೂಟಕ್ಕೊಂದು ಅಳತೆ ಕೂಡದು. ಎರಡನೆಯದಾಗಿ, ಶ್ರದ್ಧೆಗೂ ಜನ್ಮಕ್ಕೂ ಇರುವ ಅಂತರವನ್ನು ಮರೆಯಬಾರದು. ಶ್ರದ್ಧೆಯನ್ನು ಸ್ವೀಕರಿಸಬಹುದು, ಬಿಡಬಹುದು. ಜಾತಿಯನ್ನು ಯಾರೂ ಆರಿಸಿಕೊಂಡು ಹುಟ್ಟುವುದಿಲ್ಲ. ಗೀತಾಧ್ಯಯನ ಮಂಡಲಿಯು ತನ್ನ ಕಾರ್ಯದರ್ಶಿ ಗೀತೆಯಲ್ಲಿ ಶ್ರದ್ಧೆಯುಳ್ಳವನಾಗಿರಬೇಕೆಂದರೆ ಅರ್ಥವುಂಟು. ದಲಿತ ವಿದ್ಯಾರ್ಥಿಯು ಅದರ ಪಂಕ್ತಿಯಲ್ಲಿ ಕೂಡಕೂಡದೆಂದರೆ ಅದು ಧರ್ಮದ ಮಾತಲ್ಲ, 17ನೆಯ ಅನುಚ್ಛೇದವು ನಿಷೇಧಿಸಿದ ಅಸ್ಪೃಶ್ಯತೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2012ರಲ್ಲಿ ಸಮತೆಗಾಗಿ ವಿಧಿಸಿದ ನಿಯಮಗಳ ಮುಖ್ಯ ಲಕ್ಷ್ಯವೂ ಇಂತಹ ಭೇದವೇ.

ಹೊರನಾಡಿನಲ್ಲಿ ಸಂಘ ಕಟ್ಟಿಕೊಂಡು ಬಾಳುವ ಜನರಿಗೆ ಈ ವಿವೇಚನೆಯು ದೂರದ್ದಲ್ಲ. ಸಂಘಕ್ಕೆ ತನ್ನದೊಂದು ಸ್ವರೂಪವಿಲ್ಲದಿದ್ದರೆ ಅದು ಉಳಿಯದು; ಊರಿನ ಛತ್ರದಲ್ಲಿ ಮಾತ್ರ ಎಲ್ಲರಿಗೂ ಎಡೆಯಿರಬೇಕು. ವಿಶ್ವವಿದ್ಯಾನಿಲಯವು ಅಂತಹ ಛತ್ರ. ಅದರೊಳಗಿನ ಪ್ರತಿಯೊಂದು ಕೋಣೆಯೂ ಒಂದೇ ಬಗೆಯಾಗಿರಬೇಕಾಗಿಲ್ಲ. ಹೆಬ್ಬಾಗಿಲು ಮಾತ್ರ ಯಾರಿಗೂ ಮುಚ್ಚಿರಕೂಡದು, ಅದರ ಕೀಲಿಯು ಒಂದು ಪಕ್ಷದ ಕೈಯಲ್ಲಿ ಇರಕೂಡದು.