ಬೂತಿನ ಅಣ್ಣ, ಬೀದಿಯ ಅಕ್ಕ

ಹೋಬಳಿ ಊರಿನ ಬಸ್ ಸ್ಟ್ಯಾಂಡಿನ ಪಕ್ಕ ಒಂದು ಟೈಲರ್ ಅಂಗಡಿ. ಗೋಡೆಯ ಮೇಲೆ ಮನೆದೇವರ ಫೋಟೊ, ಅದರ ಮಗ್ಗುಲಿಗೆ ಪಕ್ಷದ ಕ್ಯಾಲೆಂಡರು. ಅರ್ಧ ಹೊಲಿದ ಅಂಗಿಯನ್ನು ಮಿಷನ್ನಿನ ಮೇಲೇ ಬಿಟ್ಟು ಅಂಗಡಿಯವರು ಮತದಾರರ ಪಟ್ಟಿ ಹರವಿಕೊಂಡು ಕೂತಿದ್ದಾರೆ. ಪುಟಕ್ಕೆ ಮೂವತ್ತು ಚೌಕ. ಪ್ರತಿ ಚೌಕದಲ್ಲೂ ಒಂದು ಹೆಸರು, ತಂದೆಯದೋ ಗಂಡನದೋ ಹೆಸರು, ಮನೆ ನಂಬರು, ವಯಸ್ಸು, ಮಸಿ ಬಳಿದಂತಿರುವ ಒಂದು ಪುಟ್ಟ ಫೋಟೊ. ಅಂಚಿನಲ್ಲೆಲ್ಲ ಪೆನ್ಸಿಲ್ಲಿನ ಗುರುತು. ಅಡ್ಡಗೆರೆ ಎಳೆದದ್ದು ತೀರಿಕೊಂಡವರಿಗೆ. ಸುತ್ತು ಹಾಕಿದ್ದು ಬೆಂಗಳೂರಿಗೆ ಕೆಲಸಕ್ಕೆ ಹೋದವರಿಗೆ. 'ಮದುವೆ' ಎಂದು ಬರೆದದ್ದು ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳಿಗೆ. ಯಾವ ಸರ್ಕಾರಿ ಕಂಪ್ಯೂಟರಿನಲ್ಲೂ ಸಿಗದ ಆ ಊರಿನ ಕತೆಯೆಲ್ಲ ಈ ಪೆನ್ಸಿಲ್ ಗುರುತುಗಳಲ್ಲಿದೆ.

ಇವರು ಬೂತ್ ಅಧ್ಯಕ್ಷರು. ಸಂಬಳವಿಲ್ಲ, ಭತ್ಯೆಯಿಲ್ಲ. ಒಂದು ಪಕ್ಷದಲ್ಲಿ ಬೂತ್ ಸಮಿತಿ ಎನ್ನುತ್ತಾರೆ, ಇನ್ನೊಂದರಲ್ಲಿ ಪುಟಕ್ಕೊಬ್ಬರಂತೆ ಪೇಜ್ ಪ್ರಮುಖರನ್ನು ನೇಮಿಸುತ್ತಾರೆ. ಚುನಾವಣಾ ಆಯೋಗದ ಕಡತದಲ್ಲಿ ಇಂಥವರಿಗೆ ಬೂತ್ ಮಟ್ಟದ ಏಜೆಂಟ್ ಎಂಬ ಹೆಸರೂ ಇದೆ. ಕರ್ನಾಟಕದಲ್ಲಿ ಮತಗಟ್ಟೆಗಳ ಸಂಖ್ಯೆ 58 ಸಾವಿರ ದಾಟಿದೆ. ಪಕ್ಷ ಗಟ್ಟಿಯಾಗಿರುವ ಕಡೆಗಳಲ್ಲೆಲ್ಲ ಮತಗಟ್ಟೆಗೊಬ್ಬರಾದರೂ ಇಂಥ ಅಣ್ಣನೋ ಅಕ್ಕನೋ ಇದ್ದೇ ಇರುತ್ತಾರೆ. ಕಿರಾಣಿ ಅಂಗಡಿಯವರು, ಹಾಲಿನ ಡೇರಿಯ ಕಾರ್ಯದರ್ಶಿ, ಆಟೊ ಓಡಿಸುವವರು, ನಿವೃತ್ತ ಮೇಷ್ಟ್ರು, ಸ್ತ್ರೀಶಕ್ತಿ ಸಂಘದ ಪ್ರತಿನಿಧಿ, ಎರಡೆಕರೆ ರಾಗಿ ಹೊಲದ ರೈತ. ಟಿವಿ ಚರ್ಚೆಯಲ್ಲಿ ಇವರ ಮುಖ ಕಾಣುವುದಿಲ್ಲ. ಫ್ಲೆಕ್ಸಿನ ಕೆಳತುದಿಯಲ್ಲಿ ಸ್ಟ್ಯಾಂಪಿನಷ್ಟು ಫೋಟೊ ಹಾಕಿಸಿಕೊಂಡರೆ ಅದೇ ಹೆಚ್ಚು.

ಚುನಾವಣೆ ಇಲ್ಲದ ದಿನಗಳಲ್ಲೇ ಇವರಿಗೆ ಕೆಲಸ ಜಾಸ್ತಿ. ಬೆಳಗಾದರೆ ಬಾಗಿಲಿಗೆ ಯಾರೋ ಬಂದಿರುತ್ತಾರೆ. ವಿಧವಾ ವೇತನ ಮೂರು ತಿಂಗಳಿಂದ ಬಂದಿಲ್ಲ. ರೇಷನ್ ಕಾರ್ಡಿನಿಂದ ಸೊಸೆಯ ಹೆಸರು ಬಿಟ್ಟುಹೋಗಿದೆ. ಪೋಡಿಗೆ ಹಾಕಿದ ಅರ್ಜಿ ಸರ್ವೆಯವರ ಮೇಜಿನ ಮೇಲೇ ಕೂತಿದೆ. ಅಣ್ಣ ಅರ್ಜಿ ಬರೆದುಕೊಟ್ಟು, ನಾಡಕಚೇರಿಗೂ ತಾಲ್ಲೂಕು ಆಫೀಸಿಗೂ ತನ್ನ ಬೈಕಿನಲ್ಲೇ ಕರೆದುಕೊಂಡು ಹೋಗುತ್ತಾರೆ. ಪೆಟ್ರೋಲು ಅವರದ್ದೇ. ಹದಿನೆಂಟು ತುಂಬಿದ ಹುಡುಗರಿಗೆ ಫಾರಂ 6, ಹೆಸರು ತೆಗೆಸಲು ಫಾರಂ 7, ತಿದ್ದುಪಡಿಗೂ ವರ್ಗಾವಣೆಗೂ ಫಾರಂ 8. ಮೂರೂ ಅವರ ಚೀಲದಲ್ಲಿ ಸದಾ ಇರುತ್ತವೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತದ ದಿನ ಎಷ್ಟು ಕೂಗಾಡಿದರೂ ಪ್ರಯೋಜನವಿಲ್ಲ ಎಂಬುದನ್ನು ಇವರಷ್ಟು ಬಲ್ಲವರಿಲ್ಲ.

ಮತದಾನಕ್ಕೆ ಎರಡು ದಿನ ಇರುವಾಗ ಬಹಿರಂಗ ಪ್ರಚಾರ ನಿಲ್ಲುತ್ತದೆ. ಧ್ವನಿವರ್ಧಕಗಳು ಸುಮ್ಮನಾದ ಮೇಲೆ ಬೀದಿಯ ಅಕ್ಕನ ಕೆಲಸ ಶುರು. ಹಳೇ ಮೈಸೂರು ಕಡೆಯ ಒಂದು ಕೇರಿ. ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿರುವ ಅಜ್ಜಿಯ ಮುಂದೆ ಅಕ್ಕ ಕುಕ್ಕರುಗಾಲಲ್ಲಿ ಕೂರುತ್ತಾರೆ.

"ಅವ್ವಾ, ನಿನ್ ಚೀಟಿ ಇದು, ಜ್ವಾಪಾನ. ಹೋದ್ಸಲ ನೀನು ಓಟ್ ಹಾಕಿದ್ದು ಎಡಗಡೆ ರೂಮು. ಈ ಸಲ ಬಲಗಡೆ ರೂಮು ಕಣವ್ವ."

"ನಂಗೇನ್ ಗೊತ್ತಾದದು ಮಗ, ಒಂದು ಆಟೊ ಕಳ್ಸು."

"ಗಾಡಿ ಗೀಡಿ ಕಳ್ಸಂಗಿಲ್ಲ ಕಣವ್ವ, ಕೇಸಾಯ್ತದೆ. ನಾನೇ ಬತ್ತೀನಿ, ಕೈ ಹಿಡ್ಕೊಂಡು ನಡ್ಕೊಂಡ್ ಹೋಗಾವ. ಒಳಕ್ಕೆ ಮಾತ್ರ ನೀನೇ ಹೋಗ್ಬೇಕು."

ಅಕ್ಕ ಹೇಳಿದ್ದರಲ್ಲಿ ತಪ್ಪಿಲ್ಲ. ಅಭ್ಯರ್ಥಿಯ ಕಡೆಯಿಂದ ಮತದಾರರಿಗೆ ವಾಹನ ಮಾಡಿಕೊಡುವುದು ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಭ್ರಷ್ಟಾಚಾರ. ಅಕ್ಕ ಹಂಚುವ ಚೀಟಿಗೂ ನಿಯಮವಿದೆ: ಬಿಳಿ ಕಾಗದವಾಗಿರಬೇಕು, ಅದರ ಮೇಲೆ ಚಿಹ್ನೆಯಾಗಲಿ ಅಭ್ಯರ್ಥಿಯ ಹೆಸರಾಗಲಿ ಇರಕೂಡದು. ಮತದಾನದ ದಿನ ಪಕ್ಷದವರು ಮೇಜು ಹಾಕುವುದಾದರೆ ಮತಗಟ್ಟೆಯಿಂದ 100 ಮೀಟರ್ ಆಚೆಗೇ ಹಾಕಬೇಕು.

ಆ ದಿನ ಅಣ್ಣ ಕೋಳಿ ಕೂಗುವ ಮುಂಚೆಯೇ ಎದ್ದಿರುತ್ತಾರೆ. ಏಳಕ್ಕೆ ಮತದಾನ, ಒಂದೂವರೆ ಗಂಟೆ ಮೊದಲು ಅಣಕು ಮತದಾನ. ಐದೂವರೆಗೆಲ್ಲ ಶಾಲೆಯ ಕೊಠಡಿಯಲ್ಲಿ ಎಲ್ಲ ಪಕ್ಷದ ಏಜೆಂಟರೂ ಸೇರುತ್ತಾರೆ. ಅವರ ಎದುರಿನಲ್ಲೇ ಯಂತ್ರದಲ್ಲಿ ಕನಿಷ್ಠ 50 ಮತ ಹಾಕಿ, ಲೆಕ್ಕ ತಾಳೆ ನೋಡಿ, ಆಮೇಲೆ ಎಲ್ಲವನ್ನೂ ಅಳಿಸುತ್ತಾರೆ. ವಿವಿಪ್ಯಾಟ್‌ನಿಂದ ಬಿದ್ದ ಚೀಟಿಗಳನ್ನು ಕಪ್ಪು ಲಕೋಟೆಗೆ ಹಾಕಿ ಮುಚ್ಚುತ್ತಾರೆ. ಯಂತ್ರಕ್ಕೆ ಅಂಟಿಸುವ ಹಸಿರು ಕಾಗದದ ಸೀಲಿನ ಮೇಲೆ ಏಜೆಂಟರು ಸಹಿ ಹಾಕುತ್ತಾರೆ. ಬೀದಿಯಲ್ಲಿ ಎದುರುಬದುರು ಜೈಕಾರ ಕೂಗಿದವರು ಇಲ್ಲಿ ಒಂದೇ ಬೆಂಚಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತು, ಒಬ್ಬರ ತಟ್ಟೆಯ ಚಿತ್ರಾನ್ನ ಇನ್ನೊಬ್ಬರಿಗೆ ಕೊಡುತ್ತಾರೆ. ಒಳಗೆ ಬಂದವರ ಹೆಸರನ್ನು ಅಧಿಕಾರಿ ಓದುತ್ತಿದ್ದಂತೆ ಪಟ್ಟಿಯಲ್ಲಿ ಗೆರೆ ಎಳೆಯುತ್ತಾರೆ. ಬಂದವರು ಆ ಹೆಸರಿನವರಲ್ಲ ಅನ್ನಿಸಿದರೆ ಎರಡು ರೂಪಾಯಿ ಠೇವಣಿ ಕಟ್ಟಿ ಆಕ್ಷೇಪಣೆ ಎತ್ತಬಹುದು. ಆದರೆ ಹಾಗೆ ಎತ್ತಲು ಊರಿನ ಮುಖಗಳು ಗೊತ್ತಿರಬೇಕು. ಆ ಗುರುತಿಗಾಗಿಯೇ ಏಜೆಂಟರು ಸಾಮಾನ್ಯವಾಗಿ ಆಸುಪಾಸಿನವರೇ ಆಗಿರುತ್ತಾರೆ.

ಸಂಜೆ ಯಂತ್ರದ 'ಕ್ಲೋಸ್' ಗುಂಡಿ ಒತ್ತಿದ ಮೇಲೆ ಒಟ್ಟು ಎಷ್ಟು ಮತ ಬಿತ್ತು ಎಂಬ ಲೆಕ್ಕವನ್ನು ಫಾರಂ 17ಸಿಯಲ್ಲಿ ಬರೆದು ಏಜೆಂಟರಿಗೆ ಪ್ರತಿ ಕೊಡುತ್ತಾರೆ. ಎಣಿಕೆಯ ದಿನ ಯಂತ್ರ ತೋರಿಸುವ ಮೊತ್ತವನ್ನು ಈ ಹಾಳೆಯೊಂದಿಗೆ ಹೋಲಿಸಿ ನೋಡುತ್ತಾರೆ. ಚುನಾವಣೆ ಸಾಚಾ ನಡೆಯಿತೇ ಎಂದು ಯಾರೇ ಕೇಳಲಿ, ಉತ್ತರದ ಒಂದು ತುದಿ ಈ ಅಣ್ಣನ ಜೇಬಿನಲ್ಲಿರುತ್ತದೆ.

ಒಂದೊಂದು ಮತಕ್ಕೂ ಇಷ್ಟು ಶ್ರಮವೇ ಎನ್ನುವವರು ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯನ್ನು ನೆನೆಯಬೇಕು. 2004ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಬೆಂಗಳೂರಿನ ಜಯನಗರದಲ್ಲಿ 2023ರಲ್ಲಿ ಬಿಜೆಪಿಯ ಸಿ.ಕೆ. ರಾಮಮೂರ್ತಿ ಅವರು ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಅವರ ಮೇಲೆ ಗೆದ್ದ ಅಂತರ 16. ದೊಡ್ಡ ನಾಯಕರ ಒಂದು ಭಾಷಣಕ್ಕೆ ಅಲೆ ಏಳಬಹುದು. ಆದರೆ ಬಿಸಿಲಿನಲ್ಲಿ ಕೈ ಹಿಡಿದು ಕರೆತಂದ ಒಬ್ಬ ಅಜ್ಜಿಯ ಮತ ಶಾಸಕರನ್ನು ಬದಲಿಸಬಲ್ಲದು ಎಂಬುದು ಈ ಅಂಕಿಗಳ ತಾತ್ಪರ್ಯ.

ಇಷ್ಟೆಲ್ಲ ಮಾಡಿದವರಿಗೆ ಸಿಗುವುದೇನು? ಕೆಲವರಿಗೆ ಆಶ್ರಯ ಸಮಿತಿಯಲ್ಲೋ ಬಗರ್‌ಹುಕುಂ ಸಮಿತಿಯಲ್ಲೋ ಒಂದು ನಾಮನಿರ್ದೇಶನ. ಹೆಚ್ಚಿನವರಿಗೆ ಅದೂ ಇಲ್ಲ. ಪಾಲಿಗೆ ಬರುವುದು ಇಕ್ಕಟ್ಟು. ಬಿಜೆಪಿಯ ಬೂತಿನವರು 2018ರಲ್ಲಿ ಯಾರ ವಿರುದ್ಧ ಮನೆಮನೆ ಸುತ್ತಿದ್ದರೋ ಅಂಥ ಶಾಸಕರು 2019ರಲ್ಲಿ ರಾಜೀನಾಮೆ ಕೊಟ್ಟು ಅದೇ ಪಕ್ಷಕ್ಕೆ ಬಂದಾಗ, ಅದೇ ಡಿಸೆಂಬರಿನ ಉಪಚುನಾವಣೆಯಲ್ಲಿ ಅವರಿಗಾಗಿಯೇ ಮತ ಕೇಳಬೇಕಾಯಿತು. ಹಳೇ ಮೈಸೂರು ಭಾಗದ ಜೆಡಿಎಸ್ ಕಾರ್ಯಕರ್ತರು 2019ರ ಲೋಕಸಭೆಗೆ ಕಾಂಗ್ರೆಸ್ಸಿನವರ ಜೊತೆ, 2024ರ ಲೋಕಸಭೆಗೆ ಬಿಜೆಪಿಯವರ ಜೊತೆ ನಿಂತರು. ಮೇಲಿನವರು ಹೋಟೆಲಿನಲ್ಲಿ ಕೂತು ಕೈಕುಲುಕಿದರೆ ಮುಗಿಯಿತು. ಊರಿನ ಅರಳಿಕಟ್ಟೆಯಲ್ಲಿ ಅದಕ್ಕೆ ಉತ್ತರ ಹೇಳಬೇಕಾದವರು ಇವರು. ಓಟಿನ ಹಿಂದಿನ ರಾತ್ರಿ ದುಡ್ಡಿನ ಕವರು ಹಂಚಲೂ ಎಷ್ಟೋ ಕಡೆ ಇವರನ್ನೇ ಬಳಸಿಕೊಳ್ಳುತ್ತಾರೆ. ವರ್ಷವಿಡೀ ಅರ್ಜಿ ಬರೆದುಕೊಟ್ಟು ಗಳಿಸಿದ ವಿಶ್ವಾಸ ಆ ಒಂದು ರಾತ್ರಿಯಲ್ಲಿ ಕರಗುತ್ತದೆ. ಒಲ್ಲೆ ಎಂದವರಿಗೆ ಮುಂದಿನ ಸಲ ಬೂತ್ ತಪ್ಪುತ್ತದೆ. ಇದು ಅವರಿಗೆ ಪಕ್ಷಗಳು ಮಾಡುವ ದೊಡ್ಡ ಅನ್ಯಾಯ.

ಈ ನಾಡಿನ ದೊಡ್ಡ ನಾಯಕರೂ ಇಲ್ಲಿಂದಲೇ ಮೇಲೆ ಬಂದವರು. ಮಲ್ಲಿಕಾರ್ಜುನ ಖರ್ಗೆ ಅವರು 1969ರಲ್ಲಿ ಗುಲ್ಬರ್ಗ ನಗರ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರಾಗಿದ್ದರು. ಬಿ.ಎಸ್. ಯಡಿಯೂರಪ್ಪ ಅವರು ಎಪ್ಪತ್ತರ ದಶಕದಲ್ಲಿ ಶಿಕಾರಿಪುರ ತಾಲ್ಲೂಕು ಜನಸಂಘವನ್ನೂ ಅಲ್ಲಿನ ಪುರಸಭೆಯನ್ನೂ ಕಂಡವರು. ಎಚ್.ಡಿ. ದೇವೇಗೌಡರು ಹೊಳೆನರಸೀಪುರದಲ್ಲಿ ಸಹಕಾರ ಸಂಘ, ತಾಲ್ಲೂಕು ಅಭಿವೃದ್ಧಿ ಮಂಡಳಿಯ ಕೆಲಸ ಮಾಡಿದವರು. ಸಿದ್ದರಾಮಯ್ಯನವರು 1978ರಲ್ಲಿ ಮೈಸೂರು ತಾಲ್ಲೂಕು ಮಂಡಳಿಗೆ ಆಯ್ಕೆಯಾದರು. ಪಕ್ಷ ಬೇರೆ, ದಾರಿ ಬೇರೆ. ಎಲ್ಲರೂ ಹತ್ತಿದ ಮೊದಲ ಮೆಟ್ಟಿಲು ಮಾತ್ರ ಸ್ಥಳೀಯ ಸಂಸ್ಥೆಯದೋ ಸ್ಥಳೀಯ ಸಮಿತಿಯದೋ.

ಇಂದಿನ ಬೂತಿನ ಅಣ್ಣನಿಗೂ ಬೀದಿಯ ಅಕ್ಕನಿಗೂ ಆ ಮೆಟ್ಟಿಲನ್ನೇ ಕಿತ್ತಿಟ್ಟಿದ್ದೇವೆ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಚಿಹ್ನೆಯ ಮೇಲೆ ನಡೆಯುವ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆಯಾಯಿತು, 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಮೀಸಲಾತಿ, ಕ್ಷೇತ್ರ ವಿಂಗಡಣೆ, ನ್ಯಾಯಾಲಯ ಎಂದು ವರ್ಷಗಟ್ಟಲೆ ಮುಂದೆ ಹೋಯಿತು. ಬೆಂಗಳೂರು ಮಹಾನಗರ ಪಾಲಿಕೆಗೆ 2015ರಲ್ಲಿ ಆಯ್ಕೆಯಾದ ಸದಸ್ಯರ ಅವಧಿ 2020ರಲ್ಲಿ ಮುಗಿದ ಮೇಲೂ ಆಡಳಿತಾಧಿಕಾರಿಗಳೇ ನಡೆಸಿದರು. ಐದು ವರ್ಷಕ್ಕೊಮ್ಮೆ ಚುನಾವಣೆ ನಡೆಯಲೇಬೇಕೆಂದು ಸಂವಿಧಾನ ಹೇಳುತ್ತದೆ. ಅಧಿಕಾರದಲ್ಲಿ ಯಾವ ಪಕ್ಷವಿದ್ದರೂ ಈ ವಿಳಂಬ ಶಾಸಕರಿಗೆ ಅನುಕೂಲ, ಏಕೆಂದರೆ ತಾಲ್ಲೂಕಿನಲ್ಲಿ ಎರಡನೇ ನಾಯಕ ಬೆಳೆಯುವುದಿಲ್ಲ. ನಷ್ಟವಾಗುವುದು ಮಹಿಳೆಯರಿಗೆ ಅರ್ಧದಷ್ಟು ಸ್ಥಾನ ಮೀಸಲಿರುವ ಆ ಪಂಚಾಯಿತಿಗಳಿಗೆ ನಿಲ್ಲಬಹುದಾಗಿದ್ದ ಬೀದಿಯ ಅಕ್ಕನಿಗೆ.

ಸ್ಥಳೀಯ ಚುನಾವಣೆಗಳು ಕಾಲಕ್ಕೆ ಸರಿಯಾಗಿ ನಡೆಯಬೇಕು. ಅಭ್ಯರ್ಥಿಯನ್ನು ಆರಿಸುವಾಗ ಬೂತ್ ಸಮಿತಿಗಳನ್ನು ಪಕ್ಷಗಳು ಕೇಳಬೇಕು, ಕೇಳಿದ್ದನ್ನು ದಾಖಲಿಸಬೇಕು. ಬೂತಿನವರ ಕೈಗೆ ದುಡ್ಡಿನ ಕವರು ಕೊಡುವ ಬದಲು ಬಿ ಫಾರಂ ಕೊಡಬೇಕು. ಊರಿನ ಸಾವಿರ ಹೆಸರುಗಳನ್ನೂ ಅವುಗಳ ಹಿಂದಿನ ಕಷ್ಟವನ್ನೂ ಬಲ್ಲವರು ವಿಧಾನಸೌಧಕ್ಕೆ ಹೋದರೆ ಅಲ್ಲಿ ಆಗುವ ಮಾತೂ ಬದಲಾಗುತ್ತದೆ ಎಂಬ ನಂಬಿಕೆ ನನ್ನದು. ಹಿಂದೆ ಹಾಗೆ ಹೋದವರಿದ್ದಾರೆ. ಇನ್ನು ಮುಂದೆಯೂ ಹೋಗುವಂತಾಗಬೇಕು.